ವಾಕರಿಕೆಗೆ ಮುಂಗೈ ಒತ್ತುವುದು ಹೇಗೆ?

ಹೊಟ್ಟೆ ತೊಳಸುವಾಗ ಒತ್ತಬೇಕಾದ ಬಿಂದು ಚೀನಾದ ಸಾಂಪ್ರದಾಯಿಕ ವೈದ್ಯದ ಪ್ರಕಾರ ಹೊಟ್ಟೆಯ ಮೇಲಿಲ್ಲ, ಮುಂಗೈಯ ಒಳಬದಿಯಲ್ಲಿದೆ. ಅದರ ಹೆಸರು ನೇಯ್‌ಗ್ವಾನ್. ಆಧುನಿಕ ಅಕ್ಯುಪಂಕ್ಚರ್ ನಕ್ಷೆಗಳಲ್ಲಿ ಅದು ಪಿ-6. ಜಠರಕ್ಕೆ ಸ್ವಂತದ್ದೇ ಒಂದು ಮೆರಿಡಿಯನ್, ಅಂದರೆ ಪ್ರಾಣಶಕ್ತಿ ಹರಿಯುವ ದಾರಿ, ಇದ್ದರೂ ಈ ಬಿಂದು ಸೇರಿರುವುದು ಹೃದಯಾವರಣದ, ಅಂದರೆ ಹೃದಯವನ್ನು ಸುತ್ತಿರುವ ಪೊರೆಯ ಮೆರಿಡಿಯನ್‌ಗೆ. ಹೃದಯದ ಪೊರೆಗೂ ವಾಕರಿಕೆಗೂ ಏನು ನಂಟು? ಇದು ತಿಳಿದರೆ ಅಂಗದ ಮೆರಿಡಿಯನ್ ಎಂಬುದು ಆ ವೈದ್ಯದಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಆದ್ದರಿಂದ ಬೆರಳಿಡುವ ಮೊದಲು ದಾರಿಯನ್ನು ನೋಡೋಣ.

ಮೊದಲು ದಾರಿ

ದೇಹದಲ್ಲಿ 'ಚೀ' ಎಂಬ ಪ್ರಾಣಶಕ್ತಿ 12 ಮುಖ್ಯ ಮೆರಿಡಿಯನ್‌ಗಳಲ್ಲಿ ಹರಿಯುತ್ತದೆ, ಪ್ರತಿಯೊಂದೂ ಒಂದು ಅಂಗಕ್ಕೆ ಸೇರಿದೆ ಎಂಬುದು ಈ ವೈದ್ಯದ ತಿಳಿವಳಿಕೆ. ಈ ಸಂಖ್ಯೆ ಮೊದಲಿನಿಂದಲೂ ಹೀಗೇ ಇರಲಿಲ್ಲ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಲಾದ ಸಮಾಧಿಯೊಂದರಿಂದ 1973ರಲ್ಲಿ ರೇಷ್ಮೆಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಹೊರಬಂದವು. ಅವುಗಳಲ್ಲಿರುವುದು 11 ದಾರಿಗಳು ಮಾತ್ರ. ಇಲ್ಲದಿರುವ ಆ ಒಂದು ನಮ್ಮ ಹೃದಯಾವರಣದ ದಾರಿಯೇ! ವೈದ್ಯರು ತಲೆಮಾರುಗಳ ಕಾಲ ಕಂಡದ್ದನ್ನು, ಊಹಿಸಿದ್ದನ್ನು ಸೇರಿಸುತ್ತ ಈ ನಕ್ಷೆಯನ್ನು ಕಟ್ಟಿದರು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣುವುದಿಲ್ಲ.

'ಹುವಾಂಗ್‌ದಿ ನೇಯ್‌ಜಿಂಗ್' ಎಂಬ ಚೀನಾದ ಪುರಾತನ ವೈದ್ಯಗ್ರಂಥದಲ್ಲಿ ಹೃದಯ ಅರಸ. ಅವನ ಬಳಿ ಇರುವ ರಾಯಭಾರಿಯಿಂದ ಸಂತೋಷ ಹೊಮ್ಮುತ್ತದೆ ಎಂಬ ಮಾತು ಅಲ್ಲಿದೆ. ಆ ರಾಯಭಾರಿಯೇ ಹೃದಯಾವರಣ ಎಂದು ಅರ್ಥ ಹೇಳುವ ಪರಂಪರೆಯಿದೆ. ಹೊರಗಿನ ಕೆಡುಕು ಅರಸನನ್ನು ತಟ್ಟುವ ಮೊದಲು ತಾನೇ ತಡೆದುಕೊಳ್ಳುವುದು ಅದರ ಕೆಲಸ. ಅದರ ದಾರಿ ಎದೆಯಲ್ಲಿ ಹುಟ್ಟಿ ಎರಡಾಗಿ ಕವಲೊಡೆಯುತ್ತದೆ. ಹೊರಗಿನ ಕವಲು ಮೊಲೆತೊಟ್ಟಿನ ಪಕ್ಕದಿಂದ ಕಂಕುಳಿಗೆ ಏರಿ, ತೋಳಿನ ಒಳಬದಿಯ ನಡುವೆ ಇಳಿದು, ಅಂಗೈ ದಾಟಿ ನಡುಬೆರಳಿನ ತುದಿಯಲ್ಲಿ ಮುಗಿಯುತ್ತದೆ. ಅದರ ಮೇಲೆ 9 ಬಿಂದುಗಳಿವೆ. ಒಳಗಿನ ಕವಲು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ತೂರಿ ಕೆಳಗಿಳಿದು, ಮುಂಡದ ಮೇಲಿನ, ನಡುವಿನ, ಕೆಳಗಿನ ಮೂರೂ ಭಾಗಗಳನ್ನು ಮುಟ್ಟುತ್ತದೆ.

ಉತ್ತರ ಇರುವುದು ಈ ಒಳಗವಲಿನಲ್ಲಿ. ನಡುವಿನ ಭಾಗ ಜಠರದ ನೆಲೆ. ಜಠರದ ಚೀ ಕೆಳಮುಖವಾಗಿ ಹರಿಯಬೇಕು. ಅದು ತಿರುಗಿ ಮೇಲಕ್ಕೆ ನುಗ್ಗಿದರೆ ತೇಗು, ಬಿಕ್ಕಳಿಕೆ, ವಾಂತಿ. ಜಠರವನ್ನೂ ಎದೆಯನ್ನೂ ಹಾದುಹೋಗುವ ದಾರಿಯನ್ನು ಮುಂಗೈಯಲ್ಲಿ ಒತ್ತಿದರೆ, ಮೇಲೆದ್ದದ್ದು ಇಳಿಯುತ್ತದೆ, ಎದೆಯ ಕಳವಳವೂ ಶಮನವಾಗುತ್ತದೆ ಎಂಬುದು ಅವರ ತರ್ಕ. ದೂರದ ಅಂಗವನ್ನು ಕೈಗೆ ಎಟಕುವಂತೆ ಮಾಡುವುದೇ ಮೆರಿಡಿಯನ್‌ನ ಕೆಲಸ.

ಈಗ ಬಿಂದು

ಅಂಗೈಯನ್ನು ಮೇಲ್ಮುಖ ಮಾಡಿ ಕೈಯನ್ನು ಸಡಿಲವಾಗಿ ತೊಡೆಯ ಮೇಲಿಡಿ. ಮಣಿಕಟ್ಟನ್ನು ತುಸು ಮಡಿಸಿದರೆ ಅಡ್ಡಗೆರೆಗಳು ಕಾಣುತ್ತವೆ. ಅಂಗೈಗೆ ತೀರಾ ಹತ್ತಿರದ ಗೆರೆ ಎಲ್ಲಿದೆ ಎಂದು ನೋಡಿಕೊಳ್ಳಿ. ಅಳೆಯಬೇಕಾದದ್ದು ಆ ಗೆರೆಯಿಂದ.

ಇನ್ನೊಂದು ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಜೋಡಿಸಿ ಆ ಗೆರೆಯ ಮೇಲೆ, ಮೊಣಕೈಯ ಕಡೆಗೆ ಅಡ್ಡವಾಗಿಡಿ. ಮೂರು ಬೆರಳುಗಳ ಅಗಲ ಸುಮಾರು ಎರಡು 'ತ್ಸುನ್'. ಹೆಬ್ಬೆರಳಿನ ಅಗಲ ಒಂದು ತ್ಸುನ್, ಮಣಿಕಟ್ಟಿನಿಂದ ಮೊಣಕೈ ಮಡಿಕೆಯವರೆಗೆ 12 ತ್ಸುನ್. ಸೆಂಟಿಮೀಟರ್ ಪಟ್ಟಿ ಇಲ್ಲಿ ಉಪಯೋಗಕ್ಕೆ ಬಾರದು. ಯಾರ ಕೈಯೋ ಅವರದೇ ಬೆರಳಿನಿಂದ ಅಳೆಯಬೇಕು. ಆಯುರ್ವೇದದಲ್ಲೂ ದೇಹವನ್ನು ಅವರವರ ಅಂಗುಲದಿಂದಲೇ ಅಳೆಯುವ ಕ್ರಮವಿದೆ. ಮಗುವಿಗೆ ಒತ್ತುವ ತಾಯಿ ತನ್ನ ಬೆರಳಿಟ್ಟು ಅಳೆದರೆ ಜಾಗ ತಪ್ಪುತ್ತದೆ. ಮಗುವಿನ ಬೆರಳುಗಳನ್ನೇ ಜೋಡಿಸಿ ಇಡಿ.

ಆಮೇಲೆ ಮುಷ್ಟಿಯನ್ನು ಮೆಲ್ಲಗೆ ಬಿಗಿಯಿರಿ. ಮುಂಗೈಯ ನಡುವೆ ಎರಡು ಸ್ನಾಯುರಜ್ಜುಗಳು ಹುರಿಗಳಂತೆ ಎದ್ದು ಕಾಣುತ್ತವೆ. ಅವುಗಳ ನಡುವಿನ ತಗ್ಗಿನಲ್ಲಿ, ಮೂರನೇ ಬೆರಳಿನ ಅಂಚು ಮುಗಿಯುವಲ್ಲಿ ನೇಯ್‌ಗ್ವಾನ್ ಇದೆ. ಒಂದೇ ಹುರಿ ಕಂಡರೆ ಗಾಬರಿ ಬೇಡ. ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯು ಹುಟ್ಟಿನಿಂದಲೇ ಇಲ್ಲದವರಿದ್ದಾರೆ. ಅಂಥವರು ಕಾಣುವ ಹುರಿಯ ಕಿರುಬೆರಳಿನ ಪಕ್ಕಕ್ಕೆ ಬೆರಳಿಟ್ಟರೆ ಸಾಕು.

ಒತ್ತುವಾಗ

ಹೆಬ್ಬೆರಳನ್ನು ಬಿಂದುವಿನ ಮೇಲೂ ಉಳಿದ ಬೆರಳುಗಳನ್ನು ಮುಂಗೈಯ ಹಿಂಬದಿಗೂ ಇಟ್ಟು ನೇರವಾಗಿ ಕೆಳಕ್ಕೆ ಒತ್ತಿ, ಪುಟ್ಟ ವೃತ್ತದಲ್ಲಿ ತಿರುಗಿಸಿ. ಎರಡು ಮೂರು ನಿಮಿಷ ಸಾಕು, ನಂತರ ಇನ್ನೊಂದು ಕೈ. ಮಂದವಾದ ನೋವು, ಭಾರ ಅನ್ನಿಸಿದರೆ ಜಾಗ ಸರಿಯಿದೆ ಎಂದು ವೈದ್ಯರು ಹೇಳುತ್ತಾರೆ. ಬೆರಳುಗಳಿಗೆ ಜುಮ್ಮೆನ್ನುವ ಮಿಂಚು ಹೊಡೆದರೆ ಒತ್ತಡ ಕಡಿಮೆ ಮಾಡಿ. ಕೆಳಗೆ ಮೀಡಿಯನ್ ನರ ಹಾದುಹೋಗುತ್ತದೆ. ಮಣಿಕಟ್ಟಿನಲ್ಲಿ ಆ ನರ ಅದುಮಿಹೋಗುವ ಕಾರ್ಪಲ್ ಟನಲ್ ತೊಂದರೆ ಇರುವವರು ಇಲ್ಲಿ ಜೋರಾಗಿ ಒತ್ತಲೇಬಾರದು. ಸೂಜಿ ಚುಚ್ಚುವ ಪ್ರಯೋಗವಂತೂ ಮನೆಯಲ್ಲಿ ಬೇಡ. ಘಾಟಿ ರಸ್ತೆಯಲ್ಲಿ ವಾಂತಿಯಾಗುವವರು ಬಸ್ ಹೊರಡುವ ಮೊದಲೇ ಒತ್ತಲು ಶುರುಮಾಡಬಹುದು, ಅಥವಾ ಬಿಂದುವನ್ನು ಒತ್ತುವ ಗುಂಡಿಯಿರುವ ಎಲಾಸ್ಟಿಕ್ ಪಟ್ಟಿ ಕಟ್ಟಿಕೊಳ್ಳಬಹುದು.

ಫಲ ಸಿಗುತ್ತದೆಯೇ?

ಮೆರಿಡಿಯನ್ ಎಂಬ ಕೊಳವೆಯನ್ನಾಗಲೀ ಎಳೆಯನ್ನಾಗಲೀ ಅಂಗರಚನಾಶಾಸ್ತ್ರ ಕಂಡಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಆದರೆ ಈ ಒಂದು ಬಿಂದುವನ್ನು ಆಸ್ಪತ್ರೆಗಳೂ ಶ್ರದ್ಧೆಯಿಂದ ಪರೀಕ್ಷಿಸಿವೆ. ಬೆಲ್‌ಫಾಸ್ಟ್‌ನ ಅರಿವಳಿಕೆ ತಜ್ಞ ಜಾನ್ ಡಂಡೀ 1980ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಇದನ್ನು ಪ್ರಯೋಗಿಸಿ ವರದಿ ಮಾಡಿದರು. 59 ಪ್ರಯೋಗಗಳನ್ನು ಒಟ್ಟುಗೂಡಿಸಿದ ವೈದ್ಯಕೀಯ ಪುರಾವೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಮತ್ತು ವಾಂತಿ ತೋರಿಕೆಯ ಚಿಕಿತ್ಸೆ ಪಡೆದವರಿಗಿಂತ ಪಿ-6 ಚಿಕಿತ್ಸೆ ಪಡೆದವರಲ್ಲಿ ಕಡಿಮೆಯಿತ್ತು. ಪ್ರಯೋಗಗಳ ಗುಣಮಟ್ಟ ಮಾತ್ರ ಒಂದೇ ತೆರನಾಗಿರಲಿಲ್ಲ. ಪ್ರಯಾಣದ ವಾಕರಿಕೆಯ ವಿಷಯದಲ್ಲಿ ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ. ಮಾತ್ರೆಯ ಜೊತೆಗೆ ಪ್ರಯತ್ನಿಸಿ, ಮಾತ್ರೆಯ ಬದಲಿಗೆ ಎಂದು ನಾನು ಹೇಳಲಾರೆ.

ವಾಂತಿಯ ಜೊತೆ ಎದೆ ಹಿಂಡುವ ನೋವು, ತಣ್ಣನೆಯ ಬೆವರು, ದವಡೆಗೋ ತೋಳಿಗೋ ಹರಡುವ ಸೆಳೆತ ಇದ್ದರೆ ಅಥವಾ ತಲೆಗೆ ಪೆಟ್ಟಾದ ಮೇಲೆ ವಾಂತಿ ಶುರುವಾದರೆ ಬಿಂದು ಹುಡುಕುತ್ತ ಕೂರಬೇಡಿ. ಎದೆಯ ತೊಂದರೆಗೂ ನೇಯ್‌ಗ್ವಾನ್ ಒತ್ತಬೇಕೆಂದು ಹಳೆಯ ಗ್ರಂಥಗಳಲ್ಲಿ ಇರುವುದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ: ತಕ್ಷಣ 108ಕ್ಕೆ ಕರೆ ಮಾಡಿ.