ಜ್ಯೂರಿ ಡ್ಯೂಟಿ: ಗಂಟೆ ಲೆಕ್ಕದಲ್ಲಿ ದುಡಿಯುವವನೂ ಮಾಡಬಹುದು

ಅಮೆರಿಕದಲ್ಲಿ ಕೇಸು ಕೇಳಿ ತೀರ್ಪು ಹೇಳಲು ಸಾಮಾನ್ಯ ಸಿಟಿಜನ್‌ಗಳನ್ನೇ ಕೋರ್ಟು ಸಮನ್ಸ್ ಕಳಿಸಿ ಕರೆಯುತ್ತದೆ, ಅದೇ ಜ್ಯೂರಿ ಡ್ಯೂಟಿ. ನನಗೂ ಸಮನ್ಸ್ ಬಂತು. "ಕಾಂಟ್ರಾಕ್ಟ್ ಕೆಲಸದವನಿಗೆ ಇದು ಆಗಿಬರಲ್ಲ ಕಣೋ. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೆದು ವಾಪಸ್ ಕಳಿಸು" ಅಂತ ಕ್ಯಾಲಿಫೋರ್ನಿಯಾದ ಸನಿವೇಲಿನ ಗೆಳೆಯರೆಲ್ಲ ಹೇಳಿದ್ದರು. ನಾನು ಹೋದೆ, ಹನ್ನೆರಡು ಜನರಲ್ಲಿ ಒಬ್ಬನಾಗಿ ಕೂತೆ, ತೀರ್ಪು ಕೊಟ್ಟೇ ಬಂದೆ. 2019ರ ಮಾತು.

ಅದಕ್ಕೆ ಮುಂಚೆ ಎರಡು ಸಲ ಕೆಟ್ಟಿದ್ದೆ. ಮೊದಲ ಸಮನ್ಸ್ ಬಂದಾಗ ಗ್ರೀನ್ ಕಾರ್ಡ್ ಮಾತ್ರ ಇತ್ತು. ಸಿಟಿಜನ್ ಅಲ್ಲವಲ್ಲ ಅಂತ ಮೂಲೆಗೆ ಹಾಕಿದೆ. ಆದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಇಲಾಖೆಯ ಪಟ್ಟಿಯಿಂದಲೂ ಹೆಸರು ತೆಗೆಯುತ್ತಾರೆ, ಸಿಟಿಜನ್ ಅಲ್ಲದಿದ್ದರೂ ಉತ್ತರ ಕೊಡಲೇಬೇಕು. ದಂಡದ ಎಚ್ಚರಿಕೆ ಬಂದಮೇಲೆ ಓಡಾಡಿದೆ. ಸಿಟಿಜನ್ ಆದಮೇಲೆ, ಎರಡನೇ ಸಲ ಇಡೀ ವಾರದ ಕೆಲಸ ಬಿಟ್ಟು ಕಾದೆ. ದಿನಾ ಸಂಜೆ ಐದರ ಮೇಲೆ ಸಮನ್ಸಿನಲ್ಲಿದ್ದ ನನ್ನ ಗುಂಪಿನ ನಂಬರ್ ಕರೆದಿದ್ದಾರಾ ಅಂತ ನೋಡುವುದು, ನಾಳೆ ಬರಬೇಡಿ ಅಂತಿರುವುದು. ಒಂದು ದಿನವೂ ಕರೆಯಲಿಲ್ಲ. ಎರಡು ಸಾವಿರ ಡಾಲರ್‌ಗೂ ಮೇಲೆ ಕೈಬಿಟ್ಟಿತು.

ಮೂರನೇ ಸಲ ಬಂದ ತಾರೀಖನ್ನು ಮುಂದೂಡಿ ನನಗೆ ಬೇಕಾದ ವಾರ ಹಿಡಿದೆ. ಯಾವ ವಾರ ಅಂತ ಹೇಳಲ್ಲ, ಎಲ್ಲರೂ ಅಲ್ಲೇ ನುಗ್ಗಿದರೆ ನನಗೆ ಮುಂದಿನ ಸಲ ಸಿಗಲ್ಲ. ಕೆಲಸ ಬಿಡಲಿಲ್ಲ, ಕರೆದರೆ ಸಂಜೆ ಆರರಿಂದ ಒಂಬತ್ತು, ಜೊತೆಗೆ ಶನಿವಾರ ಸ್ವಲ್ಪ ಹೊತ್ತು ಮಾಡಿಕೊಡುತ್ತೇನೆ ಅಂತ ಮ್ಯಾನೇಜರ್ ಹತ್ತಿರ ಮೊದಲೇ ಒಪ್ಪಿಸಿಕೊಂಡೆ. ಭಾನುವಾರ ದಾರಿಯನ್ನೂ ಪರೀಕ್ಷೆ ಮಾಡಿದೆ. ಲೈಟ್ ರೈಲಿನಲ್ಲಿ ಸ್ಯಾನ್ ಹೋಸೆಯ ಸಿವಿಕ್ ಸೆಂಟರ್ ಸ್ಟೇಷನ್‌ಗೆ ಮುಕ್ಕಾಲು ಗಂಟೆ ದಾಟಿತು, ಕಾರಿನಲ್ಲಿ ಅದರ ಅರ್ಧ. ಆದರೂ ರೈಲೇ ಸರಿ: ಪಾರ್ಕಿಂಗ್ ಹುಡುಕುವ ತಲೆಬಿಸಿ ಇಲ್ಲ, ದಾರಿಯಲ್ಲೇ ಒಂದಷ್ಟು ಕೆಲಸವೂ ಮುಗಿಯುತ್ತದೆ.

ಸೋಮವಾರ ಬಾಗಿಲಲ್ಲಿ ತಪಾಸಣೆ. ಚಿತ್ರಾನ್ನದ ಸ್ಟೀಲ್ ಡಬ್ಬಿ ಬಿಟ್ಟರು, ಜೊತೆಗಿದ್ದ ಹಣ್ಣು ಹೆಚ್ಚುವ ಚಾಕು ತೆಗೆದುಕೊಂಡರು. ಜ್ಯೂರಿ ಆಯ್ಕೆಯ ಹೊತ್ತಿಗೆ ಜಡ್ಜ್ ಕೇಳಿದರು, ನಿಮ್ಮ ಸಂಬಂಧಿಕರಲ್ಲಿ ಪೊಲೀಸರಿದ್ದಾರಾ ಅಂತ. ಪೊಲೀಸರ ಬಗ್ಗೆ ಪಕ್ಷಪಾತ ಇದೆ ಅಂದರೆ ಕಳಿಸಿಬಿಡುತ್ತಾರೆ, ತಪ್ಪಿಸಿಕೊಳ್ಳುವವರಿಗೆ ಇದೇ ಬಾಗಿಲು ಅಂತ ಗೆಳೆಯರು ಹೇಳಿಕೊಟ್ಟಿದ್ದರು. ನನ್ನ ಚಿಕ್ಕಪ್ಪ ಹಾಸನದಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದವರು. ಇದ್ದದ್ದನ್ನೇ ಹೇಳಿದೆ: "ಅವರ ಒಳ್ಳೆಯ ಕೆಲಸವನ್ನೂ ನೋಡಿದ್ದೇನೆ, ತಪ್ಪನ್ನೂ ನೋಡಿದ್ದೇನೆ." ಎರಡೂ ಕಡೆಯ ವಕೀಲರು ನನ್ನನ್ನು ಉಳಿಸಿಕೊಂಡರು. ಪಕ್ಕದಲ್ಲಿದ್ದ ಮೂರ್ನಾಲ್ಕು ಜನರನ್ನು ಕಳಿಸಿದರು.

ಕುಡಿದು ಗಾಡಿ ಓಡಿಸಿದ ಕೇಸು, ನಾಲ್ಕು ದಿನ. ಬರೆದುಕೊಳ್ಳಲು ಪುಸ್ತಕ ಕೊಡುತ್ತಾರೆ, ಸಂಜೆ ಕುರ್ಚಿಯ ಮೇಲೇ ಬಿಟ್ಟು ಬರಬೇಕು. ಮನೆಯಲ್ಲಿ ಹೆಂಡತಿಗೂ ಕೇಸಿನ ಮಾತು ಹೇಳುವಂತಿಲ್ಲ. ಊರಿನಿಂದ ಫೋನ್ ಮಾಡಿದ ಅಪ್ಪ, "ಮುಂಬೈಯ ನಾನಾವತಿ ಕೊಲೆ ಕೇಸಲ್ಲಿ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ನಿರಪರಾಧಿ ಅಂದಿದ್ದರು, ಹೈಕೋರ್ಟು ತಳ್ಳಿಹಾಕಿತು. ನಮ್ಮಲ್ಲಿ ಆ ಪದ್ಧತಿಯೇ ಹೋಯಿತಲ್ಲೋ" ಅಂದರು. ನೀವು ಹೇಳಿ ನಾನು ಕೇಳ್ತೀನಿ, ನಾನೇನೂ ಹೇಳಲ್ಲ ಅಂದೆ.

ದುಡ್ಡಿನ ಲೆಕ್ಕ: ಗಂಟೆಗೆ ಅರವತ್ತು ಡಾಲರ್‌ನಂತೆ ಮೂವತ್ತೆರಡು ಗಂಟೆ ಹೋಗಬೇಕಿತ್ತು. ಸಂಜೆಗಳು, ಶನಿವಾರ ಸೇರಿ ಹದಿನಾಲ್ಕು ಗಂಟೆ ವಾಪಸ್ ಬಂತು. ಆಗ, 2019ರಲ್ಲಿ, ಕೋರ್ಟು ಮೊದಲ ದಿನಕ್ಕೆ ಏನೂ ಕೊಡುತ್ತಿರಲಿಲ್ಲ, ಎರಡನೇ ದಿನದಿಂದ ದಿನಕ್ಕೆ 15 ಡಾಲರ್, ಮೈಲಿಗೆ 34 ಸೆಂಟ್, ಅದೂ ಒಂದು ಕಡೆಯದ್ದು ಮಾತ್ರ ಕೊಡುತ್ತಿತ್ತು. ಚೆಕ್ ಐವತ್ತೈದರ ಆಸುಪಾಸು. ಒಟ್ಟು ನಷ್ಟ ಸಾವಿರ ಚಿಲ್ಲರೆ, ಸುಮ್ಮನೆ ಮನೆಯಲ್ಲಿ ಕಾದ ವಾರದ ಅರ್ಧ.

ಕೊನೆಯ ದಿನ ಕ್ಲರ್ಕ್ ಒಬ್ಬೊಬ್ಬರನ್ನೇ ಕೇಳಿದರು, ಇದು ನಿಮ್ಮ ತೀರ್ಪೇ ಅಂತ. ನನ್ನದು ಏಳನೇ ನಂಬರ್. ಇಡೀ ಕೋಣೆಗೆ ಕೇಳುವ ಹಾಗೆ "ಯೆಸ್" ಅಂದೆ.