ಪಂಚಾಯಿತಿ ಬಾಗಿಲಿನಿಂದ ಆಚೆಯ ಎರಡು ಕಿಲೋಮೀಟರ್

ನಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಕಡತಗಳ ಬೀರುವಿನ ಪಕ್ಕದಲ್ಲಿ, ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ಅದಕ್ಕೆ ಮೂರು ಆಯುಧಪೂಜೆಗಳ ಕುಂಕುಮ ಮೆತ್ತಿತ್ತು. ಒಳಗಿದ್ದ ಯಂತ್ರದ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ. ಪೂಜೆಗೆ ಯೋಗ್ಯವಾದದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು, ಏನಕ್ಕೆ ಎಂಬುದು ಗೊತ್ತಿರಲಿಲ್ಲ.

ನಾನು ಹೊಸನಗರ ತಾಲ್ಲೂಕಿನವನು. ಹದಿನೈದು ವರ್ಷ ಕೇಬಲ್ ಟಿವಿ ನಡೆಸಿದವನು. ಮನೆಮನೆಗೆ ಡಿಶ್ ಬಂದ ಮೇಲೆ ಆ ಕಸುಬು ಸೊರಗಿತು. ಕೈಯಲ್ಲಿ ಏಣಿ, ತಂತಿ ಎಳೆಯುವ ಅಭ್ಯಾಸ ಮತ್ತು ಯಾರ ತೋಟದ ದಣಪೆ ಎಲ್ಲಿದೆ ಎಂಬ ತಿಳಿವಳಿಕೆ ಉಳಿದವು. 2020ರಲ್ಲಿ ಶಾಲೆಗಳು ಮುಚ್ಚಿ, ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತತೊಡಗಿದಾಗ ನನಗೆ ಆ ಕುಂಕುಮದ ಪೆಟ್ಟಿಗೆ ನೆನಪಾಯಿತು. ಅದರೊಳಗೆ ಬಂದು ನಿಂತಿದ್ದದ್ದು ಹಳ್ಳಿಗಳಿಗೆ ಇಂಟರ್‌ನೆಟ್ ತರುವ ಕೇಂದ್ರದ ಯೋಜನೆ ಭಾರತ್‌ನೆಟ್‌ನ ಫೈಬರ್, ಅಂದರೆ ಬೆಳಕಿನಲ್ಲಿ ಮಾಹಿತಿ ಒಯ್ಯುವ ಗಾಜಿನ ಎಳೆ.

ಆ ಫೈಬರ್ ಯಾರ ದುಡ್ಡಿನದು ಎಂದು ಊರಿನಲ್ಲಿ ಕೇಳಿದರೆ 'ಸರಕಾರದ್ದು' ಎನ್ನುತ್ತಾರೆ. ನಿಜವಾಗಿ ಅದು ನಮ್ಮ ರೀಚಾರ್ಜ್‌ನ ದುಡ್ಡು. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದಲ್ಲಿ ಶೇಕಡಾ 5ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟಬೇಕು. 2002ರಿಂದ ಇರುವ ವ್ಯವಸ್ಥೆ ಇದು. 2023ರ ದೂರಸಂಪರ್ಕ ಕಾಯ್ದೆಯ ನಂತರ ಆ ನಿಧಿಯ ಹೆಸರು ಡಿಜಿಟಲ್ ಭಾರತ್ ನಿಧಿ. ಲಾಭವಿಲ್ಲವೆಂದು ಕಂಪನಿಗಳು ಹೋಗದ ಊರುಗಳಿಗೆ ಸಂಪರ್ಕ ಕೊಡಲು ಈ ಹಣ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2015ರಲ್ಲಿ ಅದು ಭಾರತ್‌ನೆಟ್ ಆಯಿತು. ಆದರೆ 'ಪಂಚಾಯಿತಿಯವರೆಗೆ' ಎಂಬ ಮಾತಿಗೆ ಬಯಲುಸೀಮೆಯಲ್ಲಿ ಇರುವ ಅರ್ಥ ಮಲೆನಾಡಿನಲ್ಲಿ ಇಲ್ಲ. ಅಲ್ಲಿ ಪಂಚಾಯಿತಿ ಎಂದರೆ ಊರ ನಡು. ನಮ್ಮಲ್ಲಿ ಪಂಚಾಯಿತಿ ಕಟ್ಟಡ ಡಾಂಬರು ರಸ್ತೆಯ ಬದಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ, ಮನೆಗಳು ಒಂದೊಂದು ಕಣಿವೆಗೆ ಒಂದೊಂದು.

ಬಿಎಸ್‌ಎನ್‌ಎಲ್ ಜೊತೆ ಆದಾಯ ಹಂಚಿಕೆಯ ಒಪ್ಪಂದ ಮಾಡಿಕೊಂಡೆ. ಕೊನೆಯ ಹಂತದ ಕೇಬಲ್ ನನ್ನದು, ದುರಸ್ತಿ ನನ್ನದು, ತಿಂಗಳ ಬಿಲ್ಲಿನಲ್ಲಿ ಅರ್ಧ ನನ್ನದು.

ಮೊದಲ ಪಾಠ ಬೆಳಕಿನ ಲೆಕ್ಕದ್ದು. ಪಂಚಾಯಿತಿಗೆ ಬಂದ, ಬೆಳಕು ಹರಿಯುತ್ತಿದ್ದ 'ಉರಿಯುವ' ಎಳೆಗೆ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಿಡಿದರೆ ಮೈನಸ್ 19 ತೋರಿಸಿತು. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ. ಚೆನ್ನಾಗಿದೆ ಎಂದುಕೊಂಡು ಎಂಟು ಮನೆಗೆ ಒಡೆಯುವ ಸ್ಪ್ಲಿಟರ್ ಹಾಕಿ ನೋಡಿದೆ: ಮೈನಸ್ 29. ಮನೆಯ ಮೋಡೆಮ್ ಮೈನಸ್ 27ರ ಆಚೆಗೆ ಕುರುಡು. ಬೆಟ್ಟದ ಅಬ್ಬಿಯಿಂದ ಅಡಿಕೆ ದಂಬೆಯಲ್ಲಿ ನೀರು ತಂದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ದಂಬೆಯನ್ನು ಎಂಟು ಕವಲು ಮಾಡಿದರೆ ಯಾರ ಕೊಡವೂ ತುಂಬುವುದಿಲ್ಲ. ನಮ್ಮ ಪಂಚಾಯಿತಿಗೆ ಬರುವ ಮೊದಲೇ ಆ ಎಳೆಯನ್ನು ದಾರಿಯ ಬೇರೆ ಪಂಚಾಯಿತಿಗಳಿಗೂ ಹಂಚಿದ್ದರು. ಆದರೆ ನೆಲದಲ್ಲಿದ್ದದ್ದು 24 ಎಳೆಗಳ ಕೇಬಲ್. ಉರಿಯುತ್ತಿದ್ದದ್ದು ಒಂದೇ, ಮಿಕ್ಕವು ಕತ್ತಲಲ್ಲಿ ಮಲಗಿದ್ದವು. ಒಂದು ಕತ್ತಲ ಎಳೆಗೆ ಅನುಮತಿ ಪಡೆದು, ಹದಿನೇಳು ಕಿಲೋಮೀಟರ್ ದೂರದ ವಿನಿಮಯ ಕೇಂದ್ರದಲ್ಲಿ ನನ್ನದೇ ಒಂದು ಸಣ್ಣ ಓಎಲ್‌ಟಿ, ಅಂದರೆ ಎಳೆಗೆ ಬೆಳಕು ಊಡುವ ಯಂತ್ರ, ಇಟ್ಟೆ. ಈಗ ಪಂಚಾಯಿತಿಯಲ್ಲಿ ಮೈನಸ್ 4. ಇಲ್ಲಿ ಎಂಟಾಗಿ, ಮುಂದಿನ ಕೇರಿಯಲ್ಲಿ ನಾಲ್ಕಾಗಿ ಒಡೆದರೂ ಮನೆಯಲ್ಲಿ ಮೈನಸ್ 21ರ ಸುಮಾರು ಸಿಗುತ್ತದೆ. ಒಂದು ಎಳೆಯಲ್ಲಿ 32 ಮನೆ. ಪತ್ನಿಯ ಬಳೆ ಅಡವಿಟ್ಟದ್ದು ಈ ಹಂತದಲ್ಲಿ.

ಎರಡನೆಯ ಲೆಕ್ಕ ದುಡ್ಡಿನದು. ತಿಂಗಳಿಗೆ 449 ರೂಪಾಯಿಯ ಪ್ಲಾನ್‌ನಲ್ಲಿ ನನಗೆ ಬರುವುದು ಸುಮಾರು 224. ಒಂಟಿ ಮನೆಯೊಂದಕ್ಕೆ 1,800 ಮೀಟರ್ ಕೇಬಲ್ ಬೇಕು, ಮೀಟರಿಗೆ ಏಳು ರೂಪಾಯಿ ಎಂದರೆ 12,600. ಬೇರೆ ಯಾವ ಖರ್ಚೂ ಇಲ್ಲವೆಂದು ಇಟ್ಟುಕೊಂಡರೂ ಅಸಲು ಹುಟ್ಟಲು 56 ತಿಂಗಳು. ಅಷ್ಟರಲ್ಲಿ ಐದು ಮಳೆಗಾಲ ಬಂದು ಹೋಗುತ್ತವೆ. ಕಂಪನಿಗಳು ಯಾಕೆ ಬರಲಿಲ್ಲ ಎಂಬುದು ಆ ರಾತ್ರಿ ಸ್ಪಷ್ಟವಾಯಿತು. ಅವರನ್ನು ಬೈಯುವುದನ್ನು ಅಂದಿನಿಂದ ಸ್ವಲ್ಪ ಕಡಿಮೆ ಮಾಡಿದ್ದೇನೆ.

ದಾರಿ ತೋರಿಸಿದ್ದು ಮುಯ್ಯಾಳು. ಒಬ್ಬರ ಗದ್ದೆ ನಾಟಿಗೆ ಇನ್ನೊಬ್ಬರು ಹೋಗುವ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಒಂಟಿ ಮನೆಗೆ ಸಂಪರ್ಕ ಕೊಡುವುದಿಲ್ಲ, ಒಂದು ಸಾಲಿನಲ್ಲಿ ಆರು ಮನೆ ಒಪ್ಪಿದರೆ ಬರುತ್ತೇನೆ ಎಂದು ಹೇಳಿದೆ. ಕೇಬಲ್ಲಿನ ಅರ್ಧ ಖರ್ಚು ಆರು ಮನೆಯವರದು, ಆಳು ಅವರದು, ಕಂಬಕ್ಕೆ ಫಸಲು ಮುಗಿದ ಅಡಿಕೆ ಮರವೂ ಅವರದು. ಮರ ಏರಿ ಕ್ಲಾಂಪ್ ಕಟ್ಟಿದವನು ಅಡಿಕೆ ಕೊನೆ ಕೊಯ್ಯುವ ಒಬ್ಬ ಕೊನೆಗಾರ. ಏಣಿ ಬೇಡ, ಕೊಕ್ಕೆಯಿದ್ದರೆ ಸಾಕು. ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ತೂಗಿಕೊಂಡು ಹೋಗಿ, ಕೇಬಲ್ಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಾಟಿಸುತ್ತಿದ್ದ. ನನ್ನ ಹದಿನೈದು ವರ್ಷದ ಅನುಭವ ಅವನ ಮುಂದೆ ನಾಚಿಕೊಂಡಿತು.

ತಪ್ಪುಗಳನ್ನೂ ಹೇಳಬೇಕು. ಮೊದಲ ವರ್ಷ ಅಗ್ಗವೆಂದು ಉಕ್ಕಿನ ತಂತಿ ಸೇರಿದ ಕೇಬಲ್ ತಂದೆ. ಬೆಳಕಿನ ಎಳೆಗೆ ಸಿಡಿಲಿನ ಹಂಗಿಲ್ಲ ಎಂದು ಎಲ್ಲರಿಗೂ ಭಾಷಣ ಮಾಡಿದ್ದೆ. ಎಳೆಗೆ ಇಲ್ಲ ನಿಜ, ಅದನ್ನು ಹೊತ್ತ ತಂತಿಗೆ ಇದೆ. ಯುಗಾದಿ ಕಳೆದು ಬಿದ್ದ ಮೊದಲ ಗುಡುಗು ಮಳೆಗೆ ನಾಲ್ಕು ಮನೆಯ ಮೋಡೆಮ್‌ಗಳು ಸುಟ್ಟವು. ಒಂದು ಮನೆಯಲ್ಲಿ ಗೋಡೆಯ ಸುಣ್ಣವೂ ಕಪ್ಪಾಯಿತು. ನಾಲ್ಕನ್ನೂ ನಾನೇ ಕೊಡಿಸಿದೆ. ಆಮೇಲೆ ಲೋಹವಿಲ್ಲದ, ನಾರಿನ ಕಡ್ಡಿಯ ಕೇಬಲ್ಲನ್ನೇ ಎಳೆದೆ. ಅದನ್ನು ಸಿಡಿಲು ಮುಟ್ಟುವುದಿಲ್ಲ, ಮಂಗಗಳು ಮುಟ್ಟುತ್ತವೆ.

ದೊಡ್ಡ ಪೆಟ್ಟು ಬಿದ್ದದ್ದು ರಸ್ತೆ ಅಗಲೀಕರಣದ ವರ್ಷ. ಭಾರತ್‌ನೆಟ್ ಕೇಬಲ್ ನೆಲದಿಂದ 1.65 ಮೀಟರ್ ಆಳದಲ್ಲಿರಬೇಕು ಎಂದು ನಿಯಮ. ಗಟ್ಟಿ ಜಂಬಿಟ್ಟಿಗೆ ಕಲ್ಲು ಸಿಕ್ಕ ಕಡೆ ಅದು ಒಂದೂವರೆ ಅಡಿಗೇ ನಿಂತಿತ್ತು. ಗುತ್ತಿಗೆದಾರರ ಜೆಸಿಬಿ ಒಂದೇ ತಿಂಗಳಲ್ಲಿ ಮೂರು ಸಲ ಕಿತ್ತು ಹಾಕಿತು. ಹಳೆಯ ಜಾಲದ ಸ್ವಭಾವ ಮರದ ಕೊಂಬೆಯಂಥದ್ದು. ಬುಡದ ಹತ್ತಿರ ಕಡಿದರೆ ತುದಿಯವರೆಗೆ ಎಲ್ಲ ಒಣಗುತ್ತದೆ. ನಮ್ಮದು ತುದಿ.

ಮೂರನೆಯ ಸಲ ಕಡಿದಾಗ ಆರಿದ್ರಾ ಮಳೆ. ಕಾದರೆ ಎಷ್ಟು ದಿನವೋ, ಮರುದಿನ ಒಬ್ಬ ಹುಡುಗಿಗೆ ಕೆಲಸದ ಸಂದರ್ಶನ ಬೇರೆ. ಕೇಳಿ ಒಪ್ಪಿಗೆ ಪಡೆದು ನಾನೇ ಜಾಯಿಂಟ್ ಮಾಡಲು ಹೋದೆ. ಓಮ್ನಿಯ ಹಿಂದಿನ ಬಾಗಿಲು ಎತ್ತಿ, ಅದರ ಮೇಲೆ ಟಾರ್ಪಾಲು ಎಳೆದು, ಕೆಸರು ಹತ್ತಿದ ಕೇಬಲ್ ತುದಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒಳಗೆ ತಂದೆ. ಬಣ್ಣದ ಹೊದಿಕೆ ಸುಲಿದರೆ ಉಳಿಯುವ ಗಾಜಿನ ಎಳೆ ತಲೆಗೂದಲಿನಷ್ಟು ದಪ್ಪ. ಅದರೊಳಗೆ ಬೆಳಕು ಓಡುವ ಭಾಗ 9 ಮೈಕ್ರಾನ್. ಎರಡು ತುದಿ ಕತ್ತರಿಸಿ, ಸ್ಪಿರಿಟ್ ಹಚ್ಚಿ, ಕಿಡಿಯಿಂದ ಎಳೆ ಬೆಸೆಯುವ ಯಂತ್ರದ ಸಣ್ಣ ಕಾಲುವೆಯಲ್ಲಿ ಎದುರುಬದುರು ಮಲಗಿಸಬೇಕು. ದೀಪ ಕಂಡು ಹಾತೆಗಳು ಬಂದವು. ಪ್ರತಿ ಸಲ ಕಿಡಿ ಹಾರುವ ಮೊದಲು ಪರದೆಯ ಮೇಲೆ ಒಂದು ರೆಕ್ಕೆ, ಇಲ್ಲವೇ ಒಂದು ಕಾಲು. ಕೊನೆಗೆ ದೀಪ ಆರಿಸಿ, ಯಂತ್ರದ ಪರದೆಯ ಬೆಳಕಿನಲ್ಲೇ, ಉಸಿರು ಬಿಗಿಹಿಡಿದು ಕೆಲಸ ಮಾಡಿದೆ. ರಾತ್ರಿ ಎರಡೂವರೆಗೆ ಬರೀ 0.03 ಡೆಸಿಬೆಲ್ ಬೆಳಕಿನ ನಷ್ಟದ ಜಾಯಿಂಟ್ ಬಂತು. ಅಷ್ಟು ಚೆಂದದ ಜಾಯಿಂಟ್ ನಾನು ಹಗಲಿನಲ್ಲೂ ಮಾಡಿಲ್ಲ. ಹುಡುಗಿಗೆ ಕೆಲಸ ಸಿಗಲಿಲ್ಲ, ಅದು ಬೇರೆ ವಿಷಯ.

ಇಷ್ಟೆಲ್ಲ ಗೆದ್ದರೂ ಸೋಲಿಸಿದ್ದು ಬೀಗ. ಪಂಚಾಯಿತಿಯಲ್ಲಿ ಕರೆಂಟು ಹೋಗಿ, ಬ್ಯಾಟರಿ ಇಳಿದು, ಪೆಟ್ಟಿಗೆ ಸ್ತಬ್ಧವಾಗುವುದು ಯಾವಾಗಲೂ ಎರಡನೇ ಶನಿವಾರವೇ. ಕೀಲಿ ಪೇಟೆಯಲ್ಲಿರುವ ಸಿಬ್ಬಂದಿಯ ಬಳಿ. ಮನೆಗಳಿಗೆ ಹೋಗುವ ಎಳೆಗೆ ಅಲ್ಲಿನ ಕರೆಂಟು ಬೇಡ; ಆದರೆ ಆ ಪೆಟ್ಟಿಗೆಯ ಯಂತ್ರವನ್ನೇ ನಂಬಿದ ಪಂಚಾಯಿತಿ, ಗ್ರಂಥಾಲಯದವರು ಸೋಮವಾರ ಹತ್ತೂವರೆವರೆಗೆ ಕಾಯಬೇಕು. ಒಮ್ಮೆ ಹೋಗಿ ನೋಡಿದರೆ ಕರೆಂಟೂ ಹೋಗಿರಲಿಲ್ಲ. ಪ್ರಿಂಟರ್‌ಗೆ ಪ್ಲಗ್ ಸಾಲದೆ ಯಾರೋ ನಮ್ಮ ಪೆಟ್ಟಿಗೆಯದನ್ನು ಕಿತ್ತಿದ್ದರು. ಎರಡನೇ ಕೀಲಿಯೊಂದನ್ನು ಊರಿನಲ್ಲೇ ಇಡಬೇಕೆಂದು ಅರ್ಜಿ ಕೊಟ್ಟೆ. ಒಂದು ಸಭೆಯಲ್ಲಿ ಕೋರಂ ಇರಲಿಲ್ಲ, ಇನ್ನೊಂದರಲ್ಲಿ ಕುಡಿಯುವ ನೀರಿನ ಗಲಾಟೆ, ಮೂರನೆಯದರಲ್ಲಿ ನಡಾವಳಿಗೆ ಬಂತು. ಕೀಲಿ ಪಕ್ಕದ ಅರಿವು ಕೇಂದ್ರದ ಗ್ರಂಥಾಲಯ ಮೇಲ್ವಿಚಾರಕಿಗೆ ಸಿಕ್ಕಿತು, ಆಕೆ ಊರಿನವರೇ. ಗ್ರಂಥಾಲಯದ ಕಂಪ್ಯೂಟರ್‌ಗಳಿಗೂ ಅದೇ ಸಂಪರ್ಕ ಆದ್ದರಿಂದ ಪೆಟ್ಟಿಗೆ ನಿಂತರೆ ನನಗಿಂತ ಮೊದಲು ಮಕ್ಕಳು ಹೋಗಿ ಆಕೆಗೆ ಹೇಳುತ್ತಾರೆ. ಓಎಲ್‌ಟಿಗಿಂತ ಹೆಚ್ಚು ಉಪಕಾರವಾದದ್ದು ಈ ಕೀಲಿಯಿಂದ.

ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಪಿಎಂ-ವಾಣಿ ವೈಫೈಯನ್ನೂ ಹಾಕಿದೆ. ಪರವಾನಗಿಯ ಗೋಜಿಲ್ಲದೆ ಅಂಗಡಿಯವರೇ ವೈಫೈ ಮಾರಬಹುದು ಎಂದು 2020ರ ಡಿಸೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಯೋಜನೆ ಅದು. ಒಂದು ತಿಂಗಳು ಕೂಪನ್ ಖರ್ಚಾದವು. ಹತ್ತಿರದ ಟವರ್‌ಗೆ 4ಜಿ ಬಂದ ದಿನ ಅಂಗಡಿಯವರು ಪೆಟ್ಟಿಗೆ ಬಿಚ್ಚಿಕೊಂಡು ಹೋಗಲು ಹೇಳಿದರು.

2023ರ ಆಗಸ್ಟ್‌ನಲ್ಲಿ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿಯ ಹೊಸ ರೂಪಕ್ಕೆ ಒಪ್ಪಿಗೆ ಸಿಕ್ಕಿತು. ಕೊಂಬೆಯ ಬದಲು ಉಂಗುರದ ಜಾಲ. ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಸುತ್ತಿನಿಂದ ಬರುತ್ತದೆ. ಕಟ್ಟಿದವರೇ ಹತ್ತು ವರ್ಷ ನೋಡಿಕೊಳ್ಳಬೇಕು ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ಮೊದಲ ಸುತ್ತಿನಲ್ಲಿ ಗುಂಡಿ ತೋಡಲು ದುಡ್ಡಿತ್ತು, ತೋಡಿದ್ದನ್ನು ಕಾಯಲು ಯಾರಿಗೂ ಸಂಬಳವಿರಲಿಲ್ಲ. ಕಾಯುತ್ತಿದ್ದದ್ದು ನನ್ನಂಥವರು, 224 ರೂಪಾಯಿಗೆ.

ಕಳೆದ ಚಳಿಗಾಲ ಅಳತೆಗೆ ಬಂದ ಹುಡುಗರು ಫೋನಿನ ನಕ್ಷೆಯಲ್ಲಿ ಗೆರೆ ಎಳೆದು, ಇಲ್ಲಿಂದ ಕೇಬಲ್ ಬರುತ್ತದೆ ಎಂದರು. ಅದು ಜಂಬಿಟ್ಟಿಗೆಯ ದಿಬ್ಬ. ಆ ಕಡೆಯಿಂದ ಹೋಗಿ ಎಂದು ಮೆತ್ತನೆಯ ಮಣ್ಣಿನ ಅಂಚನ್ನು ತೋರಿಸಿದೆ, 200 ಮೀಟರ್ ಜಾಸ್ತಿಯಾಗುತ್ತದೆ ಎಂದರು. ಆಗಲಿ, ಬರೆದುಕೊಳ್ಳಿ ಎಂದೆ. ಬರೆದುಕೊಂಡರೋ ಇಲ್ಲವೋ ನೋಡಲಾಗಲಿಲ್ಲ; ಅಷ್ಟರಲ್ಲಿ ಫೋನ್ ಬಂತು. ಕಣಿವೆಯಾಚೆಯ ಅಜ್ಜಿ, ಮಗ ಬೆಂಗಳೂರಿನಿಂದ ವಿಡಿಯೋದಲ್ಲಿ ಬರುವ ಹೊತ್ತು, ಮೋಡೆಮ್‌ನಲ್ಲಿ ಕೆಂಪು ದೀಪ ಉರಿಯುತ್ತಿದೆ. 'ಮಂಗ ಬಂದಿತ್ತಾ?' ಎಂದು ಕೇಳಿದೆ. 'ಇನ್ನೂ ಇಲ್ಲೇ ಕೂತಿದೆ' ಎಂದರು.