ಲ್ಯಾಪ್‌ಟಾಪ್‌ನಲ್ಲಿ ಹಾರ್ಮೋನಿಯಂ: ಉಚಿತ ಹೋಸ್ಟ್ ಆರಿಸುವುದು ಹೇಗೆ?

ಜಾತ್ರೆಯ ನಾಟಕಕ್ಕೆ, ಭಜನೆಗೆ ಕ್ಯಾಸಿಯೋ ನುಡಿಸುವವರು ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಊರೂರಿಗೂ ಸಿಗುತ್ತಾರೆ. ಆ ಕೀಬೋರ್ಡ್‌ನಲ್ಲಿ ಮಿಡಿ (ಯಾವ ಕೀ ಒತ್ತಿದಿರಿ ಎಂದು ತಿಳಿಸುವ ಸಂಕೇತ) ಕಳಿಸುವ ಯುಎಸ್‌ಬಿ ಪೋರ್ಟ್ ಇದ್ದರೆ ಮನೆಯ ಲ್ಯಾಪ್‌ಟಾಪ್‌ನಿಂದಲೇ ಹಾರ್ಮೋನಿಯಂ, ಪಿಯಾನೊ, ಪಿಟೀಲಿನ ನಾದ ಹೊರಡಿಸಬಹುದು. ನಾದ ಇರುವುದು ಪ್ಲಗಿನ್ ಎಂಬ ಸಣ್ಣ ತಂತ್ರಾಂಶದಲ್ಲಿ. ಅದನ್ನು ತೆರೆದು, ಒತ್ತಿದ ಸ್ವರವನ್ನು ಅದಕ್ಕೆ ಮುಟ್ಟಿಸಿ, ಸದ್ದನ್ನು ಸ್ಪೀಕರ್‌ಗೆ ಕಳಿಸುವ ತಂತ್ರಾಂಶವೇ ಹೋಸ್ಟ್.

ಹೋಸ್ಟ್ ಹುಡುಕುವ ಮೊದಲು ನಿಮ್ಮ ಪ್ಲಗಿನ್ ಯಾವ ಬಗೆಯದು ನೋಡಿ. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತಂದ ವಿಎಸ್‌ಟಿ ಎಂಬ ಪ್ಲಗಿನ್ ಮಾದರಿಯಲ್ಲಿ ಈಗ ಎರಡು ತಲೆಮಾರು ಬಳಕೆಯಲ್ಲಿವೆ: ಹಳೆಯ ವಿಎಸ್‌ಟಿ2, 2008ರಿಂದೀಚಿನ ವಿಎಸ್‌ಟಿ3. ವಿಂಡೋಸ್‌ನಲ್ಲಿ ವಿಎಸ್‌ಟಿ2 ಎಂದರೆ ಒಂದು ಡಿಎಲ್‌ಎಲ್ ಫೈಲು. ವಿಎಸ್‌ಟಿ3 ಆದರೆ ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್‌ನಲ್ಲಿ ಕಾಮನ್ ಫೈಲ್ಸ್, ಅದರೊಳಗಿನ ವಿಎಸ್‌ಟಿ3 ಫೋಲ್ಡರ್‌ನಲ್ಲಿ ಕೂರುತ್ತದೆ. ಇನ್ನೊಂದು, 32 ಬಿಟ್ಟೋ 64 ಬಿಟ್ಟೋ ಎಂಬುದು. 64 ಬಿಟ್ ಹೋಸ್ಟ್ 32 ಬಿಟ್ ಪ್ಲಗಿನ್ನನ್ನು ನೇರವಾಗಿ ತೆರೆಯಲಾರದು. ‘ಇನ್‌ಸ್ಟಾಲ್ ಮಾಡಿದೆ, ಪಟ್ಟಿಯಲ್ಲಿ ಕಾಣುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಈಗ ಆಯ್ಕೆ. ಒಂದೇ ವಾದ್ಯ ಸಾಕೆಂದರೆ ಸಾವಿಹೋಸ್ಟ್. ಅದರ ಫೈಲಿಗೆ ಪ್ಲಗಿನ್ನಿನ ಹೆಸರನ್ನೇ ಇಟ್ಟು ಅದೇ ಫೋಲ್ಡರ್‌ನಲ್ಲಿ ಇರಿಸಿ, ಡಬಲ್ ಕ್ಲಿಕ್ ಮಾಡಿ, ವಾದ್ಯ ತೆರೆಯುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಹಗುರವಾದದ್ದು ಬೇಡ. ರಂಗದ ಮೇಲೆ ಎರಡು ಮೂರು ವಾದ್ಯ ಬೇಕಾದವರು ವಿಂಡೋಸ್‌ನಲ್ಲಿ ಕ್ಯಾಂಟಾಬಿಲೆ ಲೈಟ್ ಹಾಕಿಕೊಳ್ಳಿ. ನೇರ ನುಡಿಸಾಣಿಕೆಗೆಂದೇ ಮಾಡಿದ್ದು, ನಮ್ಮ ಮೊದಲ ಶಿಫಾರಸು ಅದಕ್ಕೇ. ಲಿನಕ್ಸ್ ಬಳಸುವವರಿಗೆ ಕಾರ್ಲಾ. ಹಾಡು ರೆಕಾರ್ಡ್ ಮಾಡುವುದೇ ಮುಖ್ಯವಾದರೆ ವೇವ್‌ಫಾರ್ಮ್ ಫ್ರೀ. ನುಡಿಸಲಷ್ಟೇ ಬೇಕಾದವರಿಗೆ ಅಷ್ಟು ಭಾರ ಯಾಕೆ?

ಹೋಸ್ಟ್ ಯಾವುದಾದರೂ ಎಡವುವುದು ತಡದಲ್ಲಿ. ಕೀ ಒತ್ತಿದ ಮೇಲೆ ನಾದ ನಿಧಾನಕ್ಕೆ ಬಂದರೆ ತಬಲಾದವರ ಜೊತೆ ತಾಳ ಕೂಡುವುದಿಲ್ಲ. ವಿಂಡೋಸ್ ಆದರೆ ಹೋಸ್ಟ್‌ನ ಆಡಿಯೊ ಸೆಟ್ಟಿಂಗ್‌ಗೆ ಹೋಗಿ ಹಳೆಯ, ನಿಧಾನದ ಎಂಎಂಇ ಡ್ರೈವರ್ ಬಿಟ್ಟು ತಡ ಕಡಿಮೆ ಇರುವ ಆಸಿಯೊ ಡ್ರೈವರ್ ಆಯ್ದುಕೊಳ್ಳಿ. ಸೌಂಡ್ ಕಾರ್ಡ್‌ಗೆ ಸ್ವಂತ ಆಸಿಯೊ ಇಲ್ಲದಿದ್ದರೆ ಉಚಿತ ಆಸಿಯೊ4ಆಲ್ ಇದೆ. ಸ್ಯಾಂಪಲ್ ರೇಟ್ 44,100, ಬಫರ್ (ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕುಗಳ, ಅಂದರೆ ಸ್ಯಾಂಪಲ್‌ಗಳ ಸಂಖ್ಯೆ) 256 ಇಡಿ. 256 ಸ್ಯಾಂಪಲ್ ಎಂದರೆ 5.8 ಮಿಲಿಸೆಕೆಂಡ್, 1024 ಇಟ್ಟರೆ 23 ಮಿಲಿಸೆಕೆಂಡ್, ಅದು ಕೈಗೇ ಗೊತ್ತಾಗುತ್ತದೆ. (ಡ್ರೈವರ್ ತನ್ನದೂ ಸ್ವಲ್ಪ ಸೇರಿಸುತ್ತದೆ.) 256ರಲ್ಲಿ ಚಟಪಟ ಸದ್ದು ಬಂದರೆ ಪ್ರೊಸೆಸರ್‌ಗೆ ಉಸಿರು ಸಾಲುತ್ತಿಲ್ಲ ಎಂದರ್ಥ, 512ಕ್ಕೆ ಏರಿಸಿ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, ವೈಫೈ ಆಫ್ ಮಾಡಿ. ರಾಯಚೂರಿನ ಬೇಸಿಗೆಯಲ್ಲಿ ಇನ್ನೂ ಒಂದು ಕಾರಣವಿದೆ: ಕಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಜಮಖಾನದ ಮೇಲಿಡಬೇಡಿ, ಗಾಳಿಕಿಂಡಿ ಮುಚ್ಚುತ್ತದೆ. ಕೆಳಗೆ ಎರಡು ಹಲಗೆ ತುಂಡು ಇಟ್ಟು ಎತ್ತರಿಸಿ.

ನಾದವೇ ಬಾರದಿದ್ದರೆ ಬ್ರೌಸರ್ ಮುಚ್ಚಿ ನೋಡಿ. ಎಷ್ಟೋ ಬಾರಿ ಬೇರೆ ತಂತ್ರಾಂಶ ಸೌಂಡ್ ಕಾರ್ಡ್ ಹಿಡಿದಿಟ್ಟಿದ್ದರೆ ಆಸಿಯೊಗೆ ಅದು ಸಿಗುವುದಿಲ್ಲ. ಆಮೇಲೆ ಮಿಡಿ ಇನ್‌ಪುಟ್‌ನಲ್ಲಿ ನಿಮ್ಮ ಕೀಬೋರ್ಡ್‌ನ ಹೆಸರು ಆಯ್ಕೆಯಾಗಿದೆಯೇ ನೋಡಿ. ಹೋಸ್ಟ್ ತೆರೆದ ಮೇಲೆ ಕೇಬಲ್ ಚುಚ್ಚಿದ್ದರೆ, ಮುಚ್ಚಿ ಮತ್ತೆ ತೆರೆಯಿರಿ.

ಹಾರ್ಮೋನಿಯಂನವರಿಗೆ ಶ್ರುತಿಯ ಮಾತು. ಬಿಳಿ ಒಂದರಿಂದ ನುಡಿಸಿ ರೂಢಿಯಾದವರಿಗೆ ಹಾಡುವವರು ಕರಿ ಎರಡು ಕೇಳಿದರೆ ಟ್ರಾನ್ಸ್‌ಪೋಸ್ +3 ಇಡಬೇಕು. ಕರಿ ಒಂದಾದರೆ +1. ಕರಿ ಎರಡರ +3 ಅನ್ನು ಕೀಬೋರ್ಡ್‌ನಲ್ಲೂ ಹೋಸ್ಟ್‌ನಲ್ಲೂ ಎರಡೂ ಕಡೆ ಇಟ್ಟರೆ +6 ಆಗಿ ಕರಿ ಮೂರಕ್ಕೆ ಹೋಗಿಬಿಡುತ್ತದೆ. ಒಂದೇ ಕಡೆ ಇಡಿ.

ನಾಟಕದ ಪೆಂಡಾಲ್‌ನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ. ನಿಂತಿತೆಂದರೆ ದೋಷ ಅರ್ಥಿಂಗ್ ಕಡೆಯದು, ಹೋಸ್ಟ್‌ನದಲ್ಲ. ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ (ಗುಂಯ್ ಸದ್ದು ತಡೆಯಲು ನಡುವೆ ಜೋಡಿಸುವ ಪುಟ್ಟ ಪೆಟ್ಟಿಗೆ) ಹಾಕಿ, ಅಥವಾ ಆ ಅಂಕ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ. ಪ್ಲಗ್‌ನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಕೆಲಸ ಮಾತ್ರ ಬೇಡವೇ ಬೇಡ. ಮೈಕ್ ಹಿಡಿದವರಿಗೆ ಕರೆಂಟ್ ಹೊಡೆಯುತ್ತದೆ.